ಗಣಿ ವಿಸ್ತರಣೆ, ಸಾರ್ವಜನಿಕ ಆಲಿಕೆ ಮತ್ತು ಸರ್ವರ ಹಿತ: ಕ್ರೈಸ್ತ ಸಭೆ ಏನು ಹೇಳಬೇಕು?

ಪ್ರಶ್ನೆ (ಸಂಡೂರು ತಾಲ್ಲೂಕಿನಿಂದ)

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಸಂಡೂರು ತಾಲ್ಲೂಕಿನ ಒಂದು ಸಣ್ಣ ಕ್ರೈಸ್ತ ಸಭೆಗೆ ಸೇರಿದವನು. ಅದರ ಆಡಳಿತ ಸಮಿತಿಯಲ್ಲಿಯೂ ಇದ್ದೇನೆ. ನಮ್ಮ ಊರಿಗೆ ಹತ್ತಿರವಿರುವ ಕಬ್ಬಿಣದ ಅದಿರಿನ ಗಣಿಯೊಂದನ್ನು ವಿಸ್ತರಿಸುವ ಪ್ರಸ್ತಾವ ಬಂದಿದ್ದು, ಪರಿಸರ ಸಾರ್ವಜನಿಕ ಆಲಿಕೆಗೆ, ಅಂದರೆ ಜನರ ಅಹವಾಲು ಕೇಳುವ ಸಭೆಗೆ, ದಿನ ಗೊತ್ತಾಗಿದೆ. ಊರಿನ ಬೇರೆ ಬೇರೆ ಸಮುದಾಯದವರು ತಮ್ಮ ಅಭಿಪ್ರಾಯವನ್ನು ಬರೆದುಕೊಡುವ ಸಿದ್ಧತೆಯಲ್ಲಿದ್ದಾರೆ. ನಮ್ಮ ಸಭೆ ಏನು ಬರೆಯಬೇಕು, ಬರೆಯಲೇಬೇಕೆ ಎಂಬ ವಿಷಯದಲ್ಲಿ ನಮ್ಮೊಳಗೇ ಒಮ್ಮತ ಮೂಡಿಲ್ಲ.

ನಮ್ಮ ಸಭೆಯ ಅರ್ಧದಷ್ಟು ಮನೆಗಳು ಗಣಿಯಿಂದಲೋ ಉಕ್ಕಿನ ಕಾರ್ಖಾನೆಯಿಂದಲೋ ಅನ್ನ ಕಾಣುತ್ತಿವೆ. ಟಿಪ್ಪರ್ ಚಾಲಕರು, ವೇಬ್ರಿಜ್ ಗುಮಾಸ್ತರು, ಗುತ್ತಿಗೆಯ ಮೇಲೆ ದುಡಿಯುವ ಹೆಲ್ಪರುಗಳು ಅವರಲ್ಲಿದ್ದಾರೆ. ಉಳಿದ ಅರ್ಧದವರ ಹೊಲಗಳು ಅದಿರು ಸಾಗಿಸುವ ರಸ್ತೆಯ ಪಕ್ಕದಲ್ಲಿವೆ. ಆ ರಸ್ತೆಯ ಅಂಚಿನ ಮೆಣಸಿನ ಗಿಡದ ಎಲೆಯ ಮೇಲೆ ಬೆರಳಾಡಿಸಿದರೆ ಕೆಂಪು ದೂಳಿನ ನಡುವೆ ಹಸಿರು ಗೆರೆ ಮೂಡುತ್ತದೆ. ಹೂವಿನ ಮೇಲೆ ದೂಳು ಕೂತು ಕಾಯಿ ಸರಿಯಾಗಿ ಕಚ್ಚುವುದಿಲ್ಲ ಎಂದು ರೈತರು ಹೇಳುತ್ತಾರೆ. ಎಮ್ಮೆಗೆ ಕಣಿಕೆ ಹಾಕುವ ಮೊದಲು ಅದನ್ನು ಕಲ್ಲಿಗೆ ಬಡಿದು, ನೀರಿನಲ್ಲಿ ಅದ್ದಿ ತೆಗೆಯುವ ರೂಢಿ ನಮ್ಮ ಹೆಣ್ಣುಮಕ್ಕಳಿಗೆ ಆಗಿಹೋಗಿದೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಸಾಲ ಮಾಡಿ ಲಾರಿ ಕೊಂಡವರ ಲಾರಿಗಳನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಎಷ್ಟೋ ಮನೆಗಳವರು ಕೂಲಿಗಾಗಿ ಬೆಂಗಳೂರಿನ ದಾರಿ ಹಿಡಿದರು. ಆದ್ದರಿಂದ ಸಮಿತಿಯಲ್ಲಿ ಕೆಲವರು ವಿಸ್ತರಣೆಗೆ ಬೆಂಬಲ ಸೂಚಿಸಬೇಕೆನ್ನುತ್ತಾರೆ, ಕೆಲವರು ವಿರೋಧಿಸಬೇಕೆನ್ನುತ್ತಾರೆ. ಹಿರಿಯರೊಬ್ಬರು 2 ಪೇತ್ರ 3:10ನ್ನು ಓದಿ, ಈ ಭೂಮಿಯೂ ಅದರ ಕೆಲಸಗಳೂ ಹೇಗಿದ್ದರೂ ಸುಟ್ಟುಹೋಗುವಂಥವು, ಆತ್ಮಗಳ ರಕ್ಷಣೆಯಷ್ಟೇ ಸಭೆಯ ಕೆಲಸ ಎಂದರು. ಅವರ ಭಕ್ತಿಯನ್ನು ನಾನು ಗೌರವಿಸುತ್ತೇನೆ, ಆದರೆ ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಸರ್ಕಾರದ ಪರಿಸರ ನೀತಿಯ ಬಗ್ಗೆ ಮಾತನಾಡಲು ನಮಗೆ ವಾಕ್ಯದಲ್ಲಿ ಆಧಾರವಿದೆಯೇ? ಇದ್ದರೆ, ನಮ್ಮವರಿಗಷ್ಟೇ ಅಲ್ಲದೆ ಊರಿಗೆಲ್ಲ ಒಳಿತಾಗುವಂತೆ ಅದನ್ನು ಹೇಗೆ ಹೇಳಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1 (ರಾಯಚೂರಿನಿಂದ, ನಿವೃತ್ತ ಶಿಕ್ಷಕಿ)

ಸಹೋದರರೇ, ಮೊದಲು ನಿಮ್ಮ ಹಿರಿಯರು ಓದಿದ ವಚನದಿಂದಲೇ ಆರಂಭಿಸುತ್ತೇನೆ. ಅದೇ ಅಧ್ಯಾಯದ ಮುಂದಿನ ವಚನವನ್ನು ಅವರಿಗೆ ಓದಿ ತೋರಿಸಿರಿ. ಇವೆಲ್ಲವೂ ಹೀಗೆ ಲಯವಾಗಿ ಹೋಗುವುದರಿಂದ ನೀವು ಎಂಥ ಪರಿಶುದ್ಧವಾದ ನಡತೆಯುಳ್ಳವರಾಗಿರಬೇಕು ಎಂದು ಪೇತ್ರನು ಕೇಳುತ್ತಾನೆ. ಕರ್ತನ ದಿನ ಬರಲಿದೆ ಎಂಬ ನಂಬಿಕೆ ನಮ್ಮ ನಡತೆಯನ್ನು ಬಿಗಿಗೊಳಿಸಬೇಕೆಂಬುದೇ ಅಪೊಸ್ತಲನ ವಾದ. ಭೂಮಿ ನಾಶವಾಗುವುದೆಂದು ನೆರೆಯವನ ಬಾವಿಗೆ ಕಸ ಸುರಿಯಲು ಆ ವಚನ ಯಾರಿಗೂ ಅನುಮತಿ ಕೊಡುವುದಿಲ್ಲ.

ಪರಿಸರದ ಮಾತು ಬಂದಾಗ ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಆದಿಕಾಂಡದ ಏದೆನ್ ತೋಟಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತವೆ. ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಬೇಸಾಯ ಮಾಡಿ ಕಾಯುವುದಕ್ಕಾಗಿ ಎಂಬುದು ನಿಜವೇ. ಆದರೆ ನಿಮ್ಮ ಮುಂದಿರುವುದು ಆಡಳಿತಕ್ಕೂ ಕಾಯಿದೆಗೂ ಸಂಬಂಧಿಸಿದ ಪ್ರಶ್ನೆಯಾದ್ದರಿಂದ ಮೋಶೆಯ ಧರ್ಮಶಾಸ್ತ್ರದ ಸಣ್ಣ ಸಣ್ಣ ವಿಧಿಗಳನ್ನು ನೋಡುವುದು ಹೆಚ್ಚು ಉಪಯುಕ್ತ. ವಿಮೋಚನಕಾಂಡ 21:33-34ರಲ್ಲಿ ಗುಂಡಿಯ ವಿಧಿ ಇದೆ. ಒಬ್ಬನು ಗುಂಡಿ ತೋಡಿ ಅದನ್ನು ಮುಚ್ಚದೆ ಬಿಟ್ಟು, ಇನ್ನೊಬ್ಬನ ಎತ್ತೋ ಕತ್ತೆಯೋ ಅದರಲ್ಲಿ ಬಿದ್ದು ಸತ್ತರೆ, ಗುಂಡಿಯ ಯಜಮಾನನೇ ನಷ್ಟ ತುಂಬಿಕೊಡಬೇಕು. ಗುಂಡಿ ತೋಡುವುದನ್ನು ಆ ವಿಧಿ ನಿಷೇಧಿಸುವುದಿಲ್ಲ ಎಂಬುದನ್ನು ಗಮನಿಸಿರಿ. ಬರಗಾಲದ ನಾಡಿನಲ್ಲಿ ಗುಂಡಿಯಿಲ್ಲದೆ ನೀರಿಲ್ಲ. ತೋಡಿದವನ ಹೊಣೆ ಎಲ್ಲಿಯವರೆಗೆ ಎಂಬುದನ್ನು ಮಾತ್ರ ಅದು ಗೊತ್ತುಮಾಡುತ್ತದೆ, ಎತ್ತಿನ ಒಡೆಯ ಅದನ್ನು ಸರಿಯಾಗಿ ಕಾಯಬೇಕಿತ್ತು ಎಂಬ ನೆಪಕ್ಕೆ ಅವಕಾಶ ಕೊಡುವುದಿಲ್ಲ.

ಇನ್ನೊಂದು ವಿಧಿ ಧರ್ಮೋಪದೇಶಕಾಂಡ 22:8ರಲ್ಲಿದೆ. ಹೊಸ ಮನೆ ಕಟ್ಟಿದಾಗ ಮಾಳಿಗೆಗೆ ಸುತ್ತಲೂ ಕೈಪಿಡಿ ಗೋಡೆ ಕಟ್ಟಿಸಬೇಕು, ಇಲ್ಲದಿದ್ದರೆ ಯಾರಾದರೂ ಬಿದ್ದು ಸತ್ತಾಗ ಆ ಅಪರಾಧ ಮನೆಯವರ ಮೇಲೆ ಬರುತ್ತದೆ. ಯಾರೂ ಬೀಳುವ ಮೊದಲೇ ಕಟ್ಟಬೇಕಾದ ಗೋಡೆ ಅದು. ತಮಿಳುನಾಡಿನ ಚರ್ಮ ಹದಗಾರಿಕೆಯ ಮಾಲಿನ್ಯದ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಎರಡು ತತ್ತ್ವಗಳನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಹಾನಿಯ ಸಂಭವವಿರುವಲ್ಲಿ ಮೊದಲೇ ಎಚ್ಚರಿಕೆಯ ಕ್ರಮ ಕೈಗೊಳ್ಳಬೇಕು ಎಂಬುದು ಒಂದು, ಮಲಿನಗೊಳಿಸಿದವನೇ ಅದರ ವೆಚ್ಚವನ್ನು ಭರಿಸಬೇಕು ಎಂಬುದು ಇನ್ನೊಂದು. ನ್ಯಾಯಾಲಯ ಬೈಬಲನ್ನು ನೋಡಿ ಹಾಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಾಳಿಗೆಯ ಗೋಡೆಯಲ್ಲಿಯೂ ಗುಂಡಿಯ ವಿಧಿಯಲ್ಲಿಯೂ ನಾವು ದೇವರ ಮನಸ್ಸನ್ನು ಕಾಣುತ್ತೇವೆ. ನಮ್ಮ ಪಕ್ಕದ ಮನೆಯವರು ಅದೇ ನ್ಯಾಯವನ್ನು ಸಂವಿಧಾನದ 48ಎ ಮತ್ತು 51ಎ ವಿಧಿಗಳಲ್ಲಿ ಕಾಣುತ್ತಾರೆ. ಸರ್ವರ ಹಿತದ ಬಗ್ಗೆ ಅವರೂ ನಾವೂ ಒಟ್ಟಾಗಿ ಮಾತನಾಡಲು ಸಾಧ್ಯವಾಗುವುದು ಈ ಕಾರಣದಿಂದಲೇ.

ನನ್ನ ಮನಸ್ಸನ್ನು ಹೆಚ್ಚು ಕಾಡುವ ವಚನ ಯೆಹೆಜ್ಕೇಲ 34:18. ಕೊಬ್ಬಿದ ಕುರಿಗಳನ್ನು ಕುರಿತು ಕರ್ತನು ಕೇಳುತ್ತಾನೆ: ನೀವು ತಿಳಿನೀರನ್ನು ಕುಡಿದದ್ದು ಸಾಲದೋ, ಮಿಕ್ಕ ನೀರನ್ನು ಕಾಲಿನಿಂದ ಕಲಕಿ ರಾಡಿ ಮಾಡಬೇಕೋ? ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳು ಮೂರೂ ತುಂಗಭದ್ರೆಯ ಒಂದೇ ನೀರನ್ನು ಕುಡಿಯುತ್ತವೆ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಜಲಾನಯನ ಪ್ರದೇಶದಲ್ಲಿ ಸಡಿಲಗೊಂಡ ಮಣ್ಣು ಮಳೆಯಲ್ಲಿ ಕೊಚ್ಚಿ ಬಂದು ಅಲ್ಲಿ ಕೂತಿದೆ. ಆ ನಷ್ಟವನ್ನು ಅನುಭವಿಸುತ್ತಿರುವವರು ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ಸಿರವಾರದ ಕಡೆಯ ರೈತರು. ಆದರೆ ಇಲ್ಲಿ ಕೊಬ್ಬಿದ ಕುರಿಗಳು ಕಂಪನಿಗಳು ಮಾತ್ರ ಎಂದು ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಮಿತ ನೀರಾವರಿಯ ಬೆಳೆಗಳಿಗೆಂದು ರೂಪಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆದು, ಅನಧಿಕೃತವಾಗಿ ಪಂಪ್‌ಸೆಟ್ ಇಟ್ಟು ನೀರೆತ್ತಿ, ತಮ್ಮ ಹೊಲವನ್ನೂ ಸವಳು-ಜವಳು ಮಾಡಿಕೊಂಡು ಕೆಳಗಿನವರನ್ನೂ ಒಣಗಿಸಿದವರು ನಮ್ಮ ಜನರೇ, ನಮ್ಮ ಸಭೆಗಳವರೂ ಅವರಲ್ಲಿದ್ದಾರೆ. ನೀವು ಆಲಿಕೆಗೆ ಹೋಗುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿರಿ. ಮಿಕ್ಕ ನೀರನ್ನು ಯಾರು ಕುಡಿಯುತ್ತಾರೆ ಎಂಬ ಪ್ರಶ್ನೆಯನ್ನು ನೀವು ಕೇಳಿದರೆ ಸಭೆ ತನ್ನ ಕೆಲಸ ಮಾಡಿದಂತೆಯೇ ಸರಿ. ಬೆಂಬಲವೋ ವಿರೋಧವೋ ಎಂಬುದು ಅದರ ಉತ್ತರದಿಂದ ತಾನಾಗಿ ಹೊರಡುತ್ತದೆ.

ಉತ್ತರ 2 (ಬಳ್ಳಾರಿಯಿಂದ, ಗಣಿಯೊಂದರ ಪರಿಸರ ವಿಭಾಗದ ನೌಕರ)

ಟೀಚರಮ್ಮನವರು ಬರೆದದ್ದನ್ನು ಓದಿ ಸಂತೋಷವಾಯಿತು. ನಾನೂ ಒಬ್ಬ ವಿಶ್ವಾಸಿ, ಗಣಿಯ ಸಂಬಳದಿಂದಲೇ ಮಕ್ಕಳನ್ನು ಓದಿಸುತ್ತಿದ್ದೇನೆ. ಅದಿರು ತೆಗೆಯುವುದು ಪಾಪವಲ್ಲ ಎಂದು ನಂಬಿದ್ದೇನೆ. ರೈಲು ಹಳಿಗೂ ಆಸ್ಪತ್ರೆಯ ಮಂಚಕ್ಕೂ ಬೇಕಾದ ಕಬ್ಬಿಣ ಎಲ್ಲಿಂದಾದರೂ ಬರಲೇಬೇಕು. ಆದರೆ ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬ ವಿಷಯದಲ್ಲಿ ಈ ಜಿಲ್ಲೆಗೆ ದೀರ್ಘಕಾಲ ಅನ್ಯಾಯವಾಗಿದೆ. 2009ರ ಆಗಸ್ಟ್‌ವರೆಗೆ ಒಂದು ಟನ್ ಅದಿರಿಗೆ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ, ಅತ್ಯುತ್ತಮ ದರ್ಜೆಯದಕ್ಕೂ 27 ರೂಪಾಯಿಗಿಂತ ಹೆಚ್ಚಿರಲಿಲ್ಲ. ಅದೇ ಅವಧಿಯಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತ್ತು. ನೆಲದಡಿಯ ಸಂಪತ್ತು ಎಲ್ಲರದೂ ಎಂಬ ತತ್ತ್ವ ಪುಸ್ತಕದಲ್ಲಿತ್ತು, ಲಾಭ ಕೆಲವರ ಮನೆ ಸೇರಿತು, ದೂಳು ಮಾತ್ರ ಸಮನಾಗಿ ಹಂಚಿಕೆಯಾಯಿತು. ನೀತಿ ಕೆಟ್ಟಿದ್ದರೆ ಒಬ್ಬೊಬ್ಬರ ಒಳ್ಳೆಯತನದಿಂದ ಊರು ಉಳಿಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಆ ವರ್ಷಗಳಲ್ಲಿ. ಸಭೆಗಳು ನೀತಿಯ ಬಗ್ಗೆ ಮಾತನಾಡಬೇಕು ಎಂದು ನಾನು ಹೇಳುವುದಕ್ಕೆ ಇದೇ ಕಾರಣ.

2011ರ ನಿಷೇಧದ ನಂತರ ಪರಿಸ್ಥಿತಿ ಬಹಳಷ್ಟು ಬದಲಾಗಿದೆ, ಅದನ್ನೂ ಹೇಳಬೇಕು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಣಿಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಅತಿ ಹೆಚ್ಚು ಉಲ್ಲಂಘನೆ ಮಾಡಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಪ್ರತಿ ಗಣಿಗೂ, ಹಾನಿಗೊಂಡ ನೆಲವನ್ನು ಸರಿಪಡಿಸುವ ಸುಧಾರಣೆ ಮತ್ತು ಪುನರ್ವಸತಿ ಯೋಜನೆ ಕಡ್ಡಾಯವಾಯಿತು. ಬಳ್ಳಾರಿಯಿಂದ ವರ್ಷಕ್ಕೆ ತೆಗೆಯಬಹುದಾದ ಅದಿರಿಗೆ 2.5 ಕೋಟಿ ಟನ್ನಿನ ಮಿತಿ ಬಂತು. ಆ ಮಿತಿ 2017ರಲ್ಲಿ 2.8 ಕೋಟಿಗೂ 2022ರಲ್ಲಿ 3.5 ಕೋಟಿಗೂ ಏರಿದೆ. ಈಗ ನಿಮ್ಮ ಊರಿಗೆ ಬಂದಿರುವ ವಿಸ್ತರಣೆಯ ಪ್ರಸ್ತಾವವನ್ನು ಈ ಏರಿಕೆಯ ಹಿನ್ನೆಲೆಯಲ್ಲಿ ನೋಡಬೇಕು. ಮಿತಿ ಏರುವಾಗ ರಸ್ತೆ, ನೀರು, ಗಾಳಿಯ ತಾಳಿಕೆಯೂ ಅಷ್ಟೇ ಏರಿದೆಯೇ ಎಂದು ಕೇಳುವ ಹಕ್ಕು ಊರಿಗೆ ಇದೆ.

ಒಂದು ವಿಷಯದಲ್ಲಿ ಟೀಚರಮ್ಮನವರ ಮಾತಿಗೆ ಸ್ವಲ್ಪ ಸೇರಿಸಬೇಕಾಗಿದೆ. ಆಲಿಕೆಗೆ ವಚನಗಳನ್ನು ಹಿಡಿದುಕೊಂಡು ಹೋಗಬೇಡಿರಿ. ವಚನ ನಿಮ್ಮನ್ನು ಅಲ್ಲಿಗೆ ಕಳುಹಿಸಲಿ. ಅಲ್ಲಿ ನಿಮ್ಮ ಕೈಯಲ್ಲಿ ಯೋಜನಾ ವರದಿಯ ಕನ್ನಡ ಸಾರಾಂಶ ಇರಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಆಲಿಕೆಗೆ ಕನಿಷ್ಠ 30 ದಿನಗಳ ಮೊದಲು ನೋಟಿಸ್ ಕೊಡಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯಿತಿ ಮುಂತಾದ ಕಡೆ ಕರಡು ವರದಿ ಸಾರ್ವಜನಿಕರಿಗೆ ಓದಲು ಲಭ್ಯವಿರಬೇಕು. ಅಂದು ಎತ್ತಿದ ಪ್ರತಿಯೊಂದು ಆಕ್ಷೇಪವನ್ನೂ ನಡಾವಳಿಯಲ್ಲಿ ದಾಖಲಿಸಬೇಕು ಮತ್ತು ಕಂಪನಿಯವರು ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರಿಸಬೇಕು. "ದೂಳಿನಿಂದ ತೊಂದರೆಯಾಗುತ್ತಿದೆ" ಎಂದಷ್ಟೇ ಹೇಳಿದರೆ "ನೀರು ಸಿಂಪಡಿಸಲಾಗುವುದು" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಅಂಥ ಉತ್ತರಗಳು ಟೈಪ್ ಆಗುವುದನ್ನು ನಾನೇ ನೋಡಿದ್ದೇನೆ. ಬದಲಾಗಿ ಹೀಗೆ ಕೇಳಿರಿ: ಗಾಳಿಯಲ್ಲಿನ ಪಿಎಂ10 ಎಂಬ ಸೂಕ್ಷ್ಮ ದೂಳಿನ ಕಣಗಳಿಗೆ 24 ಗಂಟೆಗಳ ಸರಾಸರಿಯಲ್ಲಿ ರಾಷ್ಟ್ರೀಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಳೆಯುವ ಯಂತ್ರವನ್ನು ಗಣಿಯ ಗೇಟಿನ ಬದಲು ಊರಿನ ಶಾಲೆಯ ಹತ್ತಿರ ಇಡುತ್ತೀರಾ, ಅದರ ಅಂಕಿಯನ್ನು ಪಂಚಾಯಿತಿ ಕಟ್ಟೆಯ ಮೇಲೆ ದಿನವೂ ಬರೆಯುತ್ತೀರಾ? ಅದಿರನ್ನು ಮುಚ್ಚಿದ ಕನ್ವೇಯರ್‌ನಲ್ಲಿ ರೈಲ್ವೆ ಸೈಡಿಂಗ್‌ಗೆ ಸಾಗಿಸುವುದು ಯಾವ ವರ್ಷದಿಂದ? ಅಲ್ಲಿಯವರೆಗೆ ತಾರ್ಪಾಲು ಕಟ್ಟದ ಟಿಪ್ಪರನ್ನು ಗೇಟಿನಿಂದ ಹೊರಗೆ ಬಿಡದಿರುವ ಹೊಣೆ ಯಾರದು? ತ್ಯಾಜ್ಯ ಮಣ್ಣಿನ ರಾಶಿಯ ಬುಡದಲ್ಲಿ ತಡೆಗೋಡೆ, ಹೂಳಿನ ಗುಂಡಿ ಮಳೆಗಾಲಕ್ಕೆ ಮುಂಚೆ ಸಿದ್ಧವಾಗುತ್ತವೆಯೇ? ಕಾಯಂ ನೌಕರರಿಗೆ ಆಗುವ ಶ್ವಾಸಕೋಶದ ತಪಾಸಣೆ ಗುತ್ತಿಗೆ ಹೆಲ್ಪರುಗಳಿಗೂ ಆಗುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿರಿ, ಏಕೆಂದರೆ ಗಣಿಯನ್ನು ಬೆಂಬಲಿಸುವ ನಿಮ್ಮ ಸಭೆಯ ಮನೆಗಳ ಜೀವಕ್ಕೇ ಸಂಬಂಧಿಸಿದ್ದು ಅದು.

ಹಣದ ಬಗ್ಗೆಯೂ ಕೇಳಿರಿ. 2015ರ ತಿದ್ದುಪಡಿಯ ನಂತರ ಪ್ರತಿ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ, ಅದರ ಶೇ 10ರಿಂದ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಆ ಹಣದ ಹೆಚ್ಚಿನ ಪಾಲು, ಮೊದಲು ಕನಿಷ್ಠ ಶೇ 60, ಈಗಿನ ಮಾರ್ಗಸೂಚಿಯಲ್ಲಿ ಶೇ 70, ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಾಲಿನ್ಯ ನಿಯಂತ್ರಣದಂತಹ ಆದ್ಯತೆಯ ಕೆಲಸಗಳಿಗೇ ಹೋಗಬೇಕು. ಇದಲ್ಲದೆ ಸುಪ್ರೀಂ ಕೋರ್ಟಿನ ಆದೇಶದಂತೆ ಅದಿರು ಮಾರಾಟದಿಂದ ಸಂಗ್ರಹವಾದ ಹಣದಲ್ಲಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಕ್ಕಾಗಿ ಸುಮಾರು 25 ಸಾವಿರ ಕೋಟಿ ರೂಪಾಯಿಗಳ ಯೋಜನೆ ಇದೆ. ಹಣವಿಲ್ಲ ಎಂಬ ಮಾತನ್ನು ಯಾರು ಹೇಳಿದರೂ ಒಪ್ಪಬೇಡಿರಿ.

ಉತ್ತರ 3 (ಬಳ್ಳಾರಿಯಿಂದ)

ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ, ಆದರೂ ನನ್ನ ಆತಂಕವನ್ನು ಹೇಳಲೇಬೇಕು. ಆಲಿಕೆಯಲ್ಲಿ ವ್ಯಕ್ತಿಯಾಗಿ ಮಾತನಾಡಲು ಯಾರಿಗೂ ಅಡ್ಡಿಯಿಲ್ಲ. ಸಭೆಯ ಹೆಸರಿನಲ್ಲಿ ಪತ್ರ ಹೋದರೆ ಮಾತ್ರ ಎರಡು ಅಪಾಯಗಳಿವೆ. ಒಂದು, ಗಣಿಯಲ್ಲಿ ದುಡಿಯುವವರೂ ಹೊಲ ಕಳೆದುಕೊಳ್ಳುವವರೂ ಭಾನುವಾರ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳುವವರು. ಸಭೆ ಒಂದು ಪಕ್ಷ ಹಿಡಿದರೆ ಆ ಮೇಜಿನ ಸುತ್ತ ಬಿರುಕು ಬೀಳುತ್ತದೆ. ಎರಡು, ನಾವು ಅಲ್ಪಸಂಖ್ಯಾತರು. ಕ್ರೈಸ್ತರು ಅಭಿವೃದ್ಧಿಗೆ ಅಡ್ಡಗಾಲು ಹಾಕುತ್ತಿದ್ದಾರೆ, ಇವರ ಹಿಂದೆ ಹೊರಗಿನವರಿದ್ದಾರೆ ಎಂಬ ಮಾತು ಹುಟ್ಟಲು ಒಂದು ಪತ್ರ ಸಾಕು. ಅದರ ಪರಿಣಾಮವನ್ನು ಅನುಭವಿಸುವವರು ಪತ್ರ ಬರೆದವರಲ್ಲ. ಹಳ್ಳಿಯಲ್ಲಿ ಒಂದೆರಡು ಮನೆಗಳಾಗಿ ಬಾಳುತ್ತಿರುವ ಬಡ ವಿಶ್ವಾಸಿಗಳು. ಪ್ರಾರ್ಥನೆ ಮಾಡಿರಿ, ದೂಳಿನಿಂದ ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ, ಚರ್ಚಿನ ಆವರಣದಲ್ಲಿ ಬೇವು ಹೊಂಗೆ ನೆಡಿರಿ. ನೀತಿ ರೂಪಿಸುವುದು ಸರ್ಕಾರಕ್ಕೆ ದೇವರು ಒಪ್ಪಿಸಿದ ಕೆಲಸ.

ಉತ್ತರ 4 (ಕೊಪ್ಪಳದಿಂದ, ಸಭಾಪಾಲಕ)

ಮೇಲಿನ ಸಹೋದರರು ಎತ್ತಿದ ಎರಡೂ ಅಪಾಯಗಳು ನಿಜವಾದವು. ಅವುಗಳನ್ನು ಹಗುರವಾಗಿ ಕಾಣುವ ಸಭಾಪಾಲಕ ತನ್ನ ಕುರಿಗಳನ್ನು ಬಲ್ಲವನಲ್ಲ. ಆದರೆ ಅವುಗಳಿಂದ ಅವರು ತಲುಪಿದ ತೀರ್ಮಾನ ನನಗೆ ಒಪ್ಪಿಗೆಯಾಗುವುದಿಲ್ಲ.

ಅಲ್ಪಸಂಖ್ಯಾತರ ಮಾತನ್ನು ಮೊದಲು ತೆಗೆದುಕೊಳ್ಳೋಣ. ಬಾಬೆಲಿಗೆ ಸೆರೆಹೋದ ಯೆಹೂದ್ಯರು ನಮಗಿಂತಲೂ ದುರ್ಬಲರಾಗಿದ್ದರು. ಅವರಿಗೆ ಯೆರೆಮೀಯನು ಬರೆದ ಪತ್ರದಲ್ಲಿ, ನೀವು ಸೆರೆಯಾಗಿ ಹೋಗಿರುವ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮವೇ ನಿಮ್ಮ ಕ್ಷೇಮ ಎಂದಿದೆ. ಆ ಪಟ್ಟಣ ಅನ್ಯದೇವತೆಗಳ ಪಟ್ಟಣ, ಅವರನ್ನು ಸೋಲಿಸಿದ ಅರಸನ ಪಟ್ಟಣ. ಆದರೂ ಅದರ ಬಾವಿ, ಬೀದಿ, ಬೆಳೆಗಳ ಒಳಿತು ಅವರಿಗೂ ಸೇರಿದ್ದಾಗಿತ್ತು. ನಾವು ಸೆರೆಯವರಲ್ಲ, ಈ ಮಣ್ಣಿನವರೇ. ಮುದಗಲ್ಲಿನಲ್ಲಿ ಕ್ರೈಸ್ತ ಸಮುದಾಯ ಬಾಳುತ್ತಿರುವುದು ಆದಿಲ್‌ಶಾಹಿ ಕಾಲದಿಂದ. 1876ರಿಂದ 78ರವರೆಗೆ ಧಾತು ಸಂವತ್ಸರದ ಬರ ಬಳ್ಳಾರಿ ಸೀಮೆಯನ್ನು ಹಿಂಡಿದಾಗ ಯಾವ ಜಾತಿಯ ಮನೆಯನ್ನೂ ಅದು ಬಿಡಲಿಲ್ಲ. ನಮ್ಮ ನೀರಿನ ಬಗ್ಗೆ ನಾವು ಮಾತನಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇನ್ನು ನಮ್ಮ ಊರಿನ ಅನುಭವ. ಕೊಪ್ಪಳದಲ್ಲಿ ಕಾರ್ಖಾನೆಗಳ ಹೊಗೆ ಇರುವ ಕಡೆ ಮನೆಯ ಮಾಳಿಗೆಯ ಮೇಲೆ ಒಣಗಿಸಿದ ಬಟ್ಟೆಯನ್ನು ಸಂಜೆ ಕೊಡವಿದರೆ ಕಪ್ಪು ಮಸಿ ಉದುರುತ್ತದೆ. ಬಿಡಿಸಿದ ಹತ್ತಿಯ ಮೇಲೂ ಅದೇ ಬಣ್ಣ ಕೂತು ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ ಎಂದು ರೈತರು ಗೋಳಿಡುತ್ತಾರೆ. ಊರಿಗೆ ಅಂಟಿಕೊಂಡಂತೆ ಬೃಹತ್ ಉಕ್ಕಿನ ಸ್ಥಾವರ ಬರಲಿದೆ ಎಂದಾಗ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ನಡೆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಜನರ ಪರವಾಗಿ ನಿಂತು ಮಾತನಾಡಿದರು; ಮುಂದಿನ ತಿಂಗಳು ಮುಖ್ಯಮಂತ್ರಿಗಳು ಕಾಮಗಾರಿ ನಿಲ್ಲಿಸಲು ಸೂಚಿಸಿದರು. 2019ರಲ್ಲಿ ಹಿರೇಹಳ್ಳದ ಹೂಳು ತೆಗೆಸಿ ಅದನ್ನು ಪುನಶ್ಚೇತನಗೊಳಿಸಿದ ಕೆಲಸಕ್ಕೂ ಅದೇ ಸ್ವಾಮೀಜಿಯವರ ನೇತೃತ್ವವಿತ್ತು. ಆ ಹಳ್ಳದ ನೀರು ಎಲ್ಲ ಮತದವರ ಹೊಲಕ್ಕೂ ಹರಿಯುತ್ತದೆ. ನಮ್ಮ ಸಭೆಯ ಕೆಲವರು ಬಂದ್ ದಿನ ಮೆರವಣಿಗೆಯಲ್ಲಿದ್ದರು, ಯಾರೂ ಅವರ ಮತ ಕೇಳಲಿಲ್ಲ. ಒಂಟಿಯಾಗಿ ಹೋದರೆ ಬರುವ ಅಪವಾದ ಎಲ್ಲರ ಜೊತೆ ಹೋದರೆ ಬರುವುದಿಲ್ಲ. ಆದ್ದರಿಂದ ಸಂಡೂರಿನ ಸಹೋದರರಿಗೆ ನನ್ನ ಸಲಹೆ ಇದು: ಸಭೆಯ ಲೆಟರ್‌ಹೆಡ್ಡಿನಲ್ಲಿ ಪ್ರತ್ಯೇಕ ಪತ್ರ ಕೊಡುವ ಮೊದಲು ಊರಿನ ಮಠದವರು, ಮಸೀದಿಯ ಕಮಿಟಿಯವರು, ರೈತ ಸಂಘದವರು, ಮಹಿಳಾ ಸ್ವಸಹಾಯ ಸಂಘದವರ ಜೊತೆ ಕೂತು ಒಂದೇ ಮನವಿಯನ್ನು ಸಿದ್ಧಪಡಿಸಲು ಸಾಧ್ಯವೇ ನೋಡಿರಿ.

ನೀತಿ ಸರ್ಕಾರದ ಕೆಲಸ ಎಂಬುದು ಸರಿಯೇ. ಆದರೆ ಆ ಕೆಲಸ ಹೇಗೆ ಕೆಡುತ್ತದೆ ಎಂಬುದನ್ನು 1 ಅರಸುಗಳು 21ನೇ ಅಧ್ಯಾಯ ಬಿಡಿಸಿ ಹೇಳುತ್ತದೆ. ಅರಸನಾದ ಅಹಾಬನು ನಾಬೋತನೆಂಬವನ ದ್ರಾಕ್ಷಿತೋಟಕ್ಕೆ ಬದಲಾಗಿ ಇನ್ನೂ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ಹಣ ಕೊಡುತ್ತೇನೆ ಎಂದನು. ಇಂದಿನ ಮಾತಿನಲ್ಲಿ ಅದು ನ್ಯಾಯವಾದ ಪರಿಹಾರವೇ. ನಾಬೋತನು ಒಪ್ಪಲಿಲ್ಲ. ಆಗ ಅರಸನ ಹೆಂಡತಿ ಈಜೆಬೆಲಳು ಸೈನಿಕರನ್ನು ಕಳುಹಿಸಲಿಲ್ಲ. ಊರಿನ ಹಿರಿಯರಿಗೆ ಅರಸನ ಮುದ್ರೆಯಿರುವ ಪತ್ರ ಕಳುಹಿಸಿ, ಉಪವಾಸದ ದಿನ ಗೊತ್ತುಮಾಡಿಸಿ, ಊರ ಜನರ ಎದುರಿನಲ್ಲಿಯೇ ಇಬ್ಬರು ಸುಳ್ಳು ಸಾಕ್ಷಿಗಳನ್ನು ನಿಲ್ಲಿಸಿ ನಾಬೋತನನ್ನು ಕೊಲ್ಲಿಸಿದಳು. ಎಲ್ಲ ಕ್ರಮವೂ ವಿಧಿವತ್ತಾಗಿ ನಡೆಯಿತು, ಅನ್ಯಾಯ ಆ ಕ್ರಮದ ಒಳಗಿತ್ತು. ಬಾಡಿಗೆಗೆ ಕರೆತಂದ ಜನರಿಂದ ಮೊದಲ ಸಾಲುಗಳು ತುಂಬಿ, ಹೊಲದವರು ಪೆಂಡಾಲಿನ ಹಿಂದೆ ಬಿಸಿಲಿನಲ್ಲಿ ನಿಂತು ಮೈಕಿಗಾಗಿ ಕಾಯುವ ಆಲಿಕೆಗಳನ್ನು ಕಂಡಾಗ ನನಗೆ ನಾಬೋತನ ಊರಾದ ಇಜ್ರೇಲಿನ ಆ ಹಿರಿಯರು ನೆನಪಾಗುತ್ತಾರೆ. ಅವರು ಬಾಯಿ ಬಿಟ್ಟಿದ್ದರೆ ನಾಬೋತನು ಉಳಿಯುತ್ತಿದ್ದನು. ಸತ್ಯವಾದ ಸಾಕ್ಷಿ ಹೇಳುವುದು ರಾಜಕೀಯವಲ್ಲ, ಹತ್ತು ಆಜ್ಞೆಗಳಲ್ಲಿ ಒಂದು.

ವಾಕ್ಯದಲ್ಲಿ ಆಧಾರವಿದೆಯೇ ಎಂದು ಕೇಳಿದ್ದೀರಿ, ಸಭೆಯ ಬೋಧನೆಯಲ್ಲಿಯೂ ಇದೆಯೇ ಎಂದು ನೋಡೋಣ. ಇದೆ, ಮತ್ತು ಅದು ಯಾವುದೋ ಒಂದು ಪಂಗಡದ ಸೊತ್ತಲ್ಲ. ನಾನು ಪ್ರೊಟೆಸ್ಟಂಟ್ ಸಭಾಪಾಲಕ. ಆದರೂ ಸರ್ವರ ಹಿತವೆಂದರೆ ವ್ಯಕ್ತಿಗಳೂ ಗುಂಪುಗಳೂ ತಮ್ಮ ಪೂರ್ಣತೆಯನ್ನು ತಲುಪಲು ನೆರವಾಗುವ ಸಾಮಾಜಿಕ ಪರಿಸ್ಥಿತಿಗಳ ಒಟ್ಟು ಮೊತ್ತ ಎಂದು 1965ರಲ್ಲಿ ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿದ್ದನ್ನು ನಮ್ಮ ಸಭೆಯಲ್ಲಿ ಓದಿಸಿದ್ದೇನೆ. ಬಹುಸಂಖ್ಯಾತರಿಗೆ ಲಾಭವಾದರೆ ಸಾಕು ಎಂಬ ಲೆಕ್ಕ ಅದರಲ್ಲಿಲ್ಲ. ಹತ್ತು ಸಾವಿರ ಜನರಿಗೆ ಕೆಲಸ ಸಿಗುತ್ತದೆ ಎಂಬ ಕಾರಣಕ್ಕೆ ಹತ್ತು ಮನೆಗಳ ಕುಡಿಯುವ ನೀರು ಕೆಡಬಹುದು ಎನ್ನುವಂತಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ತಮ್ಮ ವಿಶ್ವಪತ್ರದಲ್ಲಿ ಹವಾಮಾನವನ್ನೇ ಎಲ್ಲರಿಗೂ ಸೇರಿದ ಹಿತವೆಂದು ಕರೆದು, ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದರು. ಸೃಷ್ಟಿಗಾಗಿ ಪ್ರಾರ್ಥಿಸುವ ದಿನವಾಗಿ ಸೆಪ್ಟೆಂಬರ್ 1ನ್ನು ಆರ್ಥೊಡಾಕ್ಸ್ ಸಭೆಯ ಮುಖ್ಯ ಗುರುಗಳು (ಪೇಟ್ರಿಯಾರ್ಕ್) 1989ರಲ್ಲಿಯೇ ಗೊತ್ತುಮಾಡಿದ್ದರು. ಈಗ ನಮ್ಮಂಥ ಸಭೆಗಳೂ ಅದನ್ನು ಆಚರಿಸುತ್ತವೆ.

ಸಭೆ ಒಡೆಯುವ ಭಯಕ್ಕೆ ನನ್ನಲ್ಲಿರುವುದು ಒಂದೇ ಮಾತು. ಟಿಪ್ಪರ್ ಚಾಲಕನ ಮನೆಯವರನ್ನೂ ಮೆಣಸಿನ ಹೊಲದವರನ್ನೂ ಒಂದು ಸಂಜೆ ಪ್ರಾರ್ಥನಾಕೂಟದ ನಂತರ ಒಟ್ಟಿಗೆ ಕೂರಿಸಿ, ಒಬ್ಬರ ಕಷ್ಟವನ್ನು ಇನ್ನೊಬ್ಬರ ಬಾಯಿಂದ ಹೇಳಿಸಿರಿ. ಬೇಡಿಕೆಗಳ ಪಟ್ಟಿ ಅಲ್ಲಿಂದ ಹುಟ್ಟಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕೊಪ್ಪಳದ ಸಭಾಪಾಲಕ ಅಯ್ಯನವರು ಸೂಚಿಸಿದಂತೆಯೇ ಕೂಟದ ನಂತರ ಕೂತು ಮಾತನಾಡಿದೆವು. ಆಶ್ಚರ್ಯವೆಂದರೆ ತಾರ್ಪಾಲಿನ ವಿಷಯವನ್ನು ಮೊದಲು ಎತ್ತಿದವರು ಚಾಲಕರೇ. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಕೊಡುವುದರಿಂದ ತಾರ್ಪಾಲು ಕಟ್ಟುವ ಹೊತ್ತು ಅವರ ಸಂಪಾದನೆಯಿಂದ ಕಳೆಯುತ್ತದೆ. ಆ ಹೊತ್ತನ್ನೂ ಕೂಲಿಗೆ ಸೇರಿಸಿದರೆ ಒಬ್ಬರೂ ತೆರೆದು ಓಡಿಸುವುದಿಲ್ಲ ಎಂದರು. ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ವಿಸ್ತರಣೆ ಬೇಕು, ಬೇಡ ಎಂಬ ಮಾತನ್ನು ಸಭೆಯ ಹೆಸರಿನಲ್ಲಿ ಬರೆಯುವುದಿಲ್ಲ, ಅದನ್ನು ಪ್ರತಿಯೊಬ್ಬರ ಮನಸ್ಸಾಕ್ಷಿಗೆ ಬಿಡುತ್ತೇವೆ. ಊರಿನ ಉಳಿದವರೊಂದಿಗೆ ಸೇರಿ ಕೊಡುವ ಮನವಿಯಲ್ಲಿ ಶಾಲೆಯ ಹತ್ತಿರ ಗಾಳಿಯ ಅಳತೆ, ಟ್ರಿಪ್ಪಿನ ಕೂಲಿಯ ಬದಲಾವಣೆ, ಗುತ್ತಿಗೆ ಕಾರ್ಮಿಕರ ತಪಾಸಣೆ, ಮಳೆಗಾಲಕ್ಕೆ ಮುಂಚೆ ತಡೆಗೋಡೆ ಮತ್ತು ಖನಿಜ ಪ್ರತಿಷ್ಠಾನದ ಹಣದಿಂದ ನಮ್ಮ ಊರಿಗೆ ಶುದ್ಧ ನೀರಿನ ಪೈಪ್‌ಲೈನ್ ಇರುತ್ತವೆ. ನಮ್ಮ ಹಿರಿಯರು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ, ಆದರೆ ತಪಾಸಣೆಯ ಬೇಡಿಕೆಗೆ ಸಹಿ ಹಾಕುತ್ತೇನೆ ಎಂದಿದ್ದಾರೆ. ಮನವಿಯನ್ನು ಯಾರಿಗೆ, ಹೇಗೆ ಕೊಡಬೇಕೆಂದು ತಿಳಿಸುವಿರಾ?

ಉತ್ತರ 5 (ಬಳ್ಳಾರಿಯಿಂದ, ಗಣಿ ಪರಿಸರ ವಿಭಾಗದ ನೌಕರ)

ಮನವಿಯನ್ನು ಆಲಿಕೆಯ ದಿನದವರೆಗೆ ಕಾಯದೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿರಿ. ಇನ್ನೊಂದು ಪ್ರತಿ ಜಿಲ್ಲಾಧಿಕಾರಿಗಳಿಗೆ ಹೋಗಲಿ. ಆಲಿಕೆಯ ದಿನ ಒಬ್ಬರು ಚಾಲಕರೂ ಒಬ್ಬರು ರೈತ ಮಹಿಳೆಯೂ ಮೈಕಿನ ಮುಂದೆ ಅದನ್ನು ಓದಿ ಹೇಳಲಿ, ಏಕೆಂದರೆ ಕಲಾಪವನ್ನು ವಿಡಿಯೊ ಮಾಡಲಾಗುತ್ತದೆ. ಕೊನೆಯಲ್ಲಿ ನಡಾವಳಿಯನ್ನು ಓದಿ ಹೇಳುವವರೆಗೆ ಯಾರೂ ಎದ್ದು ಹೋಗಬೇಡಿರಿ. ನಿಮ್ಮ ಬೇಡಿಕೆಗಳು ಅದರಲ್ಲಿ ಸೇರಿವೆಯೇ ಎಂದು ಕೇಳಿ, ಬಿಟ್ಟುಹೋಗಿದ್ದರೆ ಅಲ್ಲಿಯೇ ಸೇರಿಸಲು ಹೇಳಿರಿ. ಟ್ರಿಪ್ಪಿನ ಕೂಲಿಯ ಅಂಶವನ್ನು ನಮ್ಮ ವಿಭಾಗದಲ್ಲಿಯೂ ಎತ್ತುತ್ತೇನೆ.